ಮ್ಯಾಕ್ಸ್‌ನ ಕುಂಟುಗಾಲು

ಹೊಡೆದಾಟದ ಸಿನಿಮಾಗಳಲ್ಲಿ ಗಾಯಕ್ಕೆ ಆಯುಸ್ಸು ಕಡಿಮೆ. ಭುಜಕ್ಕೆ ಗುಂಡು ತಾಗಿದ ನಾಯಕ ಸ್ವಲ್ಪ ಹೊತ್ತಿಗೆಲ್ಲ ಅದೇ ತೋಳಿನಿಂದ ಹತ್ತು ಜನರನ್ನು ಎತ್ತಿ ಒಗೆಯುತ್ತಾನೆ. ಹಣೆಯಿಂದ ಇಳಿದ ರಕ್ತ ಮುಂದಿನ ಹಾಡಿನೊಳಗೆ ಕಲೆಯೂ ಉಳಿಯದಂತೆ ಮಾಯವಾಗಿರುತ್ತದೆ. ನೋಡುವವರೂ ಅದನ್ನು ಪ್ರಶ್ನಿಸುವುದಿಲ್ಲ, ಆಟದ ನಿಯಮವೆಂದು ಒಪ್ಪಿಕೊಂಡಿರುತ್ತಾರೆ. 1979ರಲ್ಲಿ ಆಸ್ಟ್ರೇಲಿಯಾದಿಂದ ಬಂದ ‘ಮ್ಯಾಡ್ ಮ್ಯಾಕ್ಸ್’ ಚಿತ್ರದ ಕೊನೆಯ ಭಾಗದಲ್ಲೂ ನಾಯಕ ಮ್ಯಾಕ್ಸ್‌ನ ಕಾಲಿಗೆ ಗುಂಡು ಬೀಳುತ್ತದೆ. ಆದರೆ ಎರಡು ವರ್ಷ ಬಿಟ್ಟು ಬಂದ ಎರಡನೆಯ ಚಿತ್ರದಲ್ಲಿ ಅವನ ಮೊಣಕಾಲಿಗೆ ಲೋಹದ ಕಟ್ಟು ಬಿಗಿದಿದೆ. 2015ರಲ್ಲಿ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಬಂದಾಗ ಮೆಲ್ ಗಿಬ್ಸನ್ ಇದ್ದ ಜಾಗಕ್ಕೆ ಟಾಮ್ ಹಾರ್ಡಿ ಬಂದಿದ್ದರು, ನಡುವೆ 36 ವರ್ಷ ಕಳೆದಿತ್ತು; ಕಾಲಿನ ಕಟ್ಟು ಮಾತ್ರ ಹಾಗೆಯೇ ಇತ್ತು. ಆ ಕಾಲನ್ನು ಮರೆಯದ ನಿರ್ದೇಶಕ ಜಾರ್ಜ್ ಮಿಲ್ಲರ್ ಓದಿದ್ದು ವೈದ್ಯಕೀಯ. ಜಗತ್ತಿನ ಅತ್ಯುತ್ತಮ ಆ್ಯಕ್ಷನ್ ನಿರ್ದೇಶಕರ ಹೆಸರು ಹೇಳುವಾಗ ಅವರನ್ನು ವೇಗಕ್ಕಾಗಿ, ಸಿಡಿಯುವ ಕಾರುಗಳಿಗಾಗಿ, ಮರುಭೂಮಿಯ ಬೆನ್ನಟ್ಟುವಿಕೆಗಾಗಿ ನೆನೆಯುತ್ತಾರೆ. ಅವರ ಹೆಚ್ಚುಗಾರಿಕೆ ಇನ್ನೂ ಆಳದಲ್ಲಿದೆ. ಪೆಟ್ಟು ಬಿದ್ದ ಮೈಗೆ ನಾಳೆ ಎಂಬುದೂ ಒಂದಿದೆ ಎಂಬುದನ್ನು ಅವರ ಕ್ಯಾಮೆರಾ ಬಲ್ಲದು. ಆ ತಿಳಿವಳಿಕೆಯೇ ಅವರ ಕಥೆಯನ್ನೂ ದೃಶ್ಯ ಜೋಡಿಸುವ ಕ್ರಮವನ್ನೂ ರೂಪಿಸಿತು.

ಮಿಲ್ಲರ್ ಹುಟ್ಟಿದ್ದು 1945ರ ಮಾರ್ಚ್ 3ರಂದು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚಿಂಚಿಲ್ಲಾ ಎಂಬ ಸಣ್ಣ ಊರಿನಲ್ಲಿ. ತಂದೆ ಗ್ರೀಸಿನ ಕಿಥಿರಾ ದ್ವೀಪದಿಂದ ವಲಸೆ ಬಂದವರು. ಮನೆತನದ ಮಿಲಿಯೋಟಿಸ್ ಎಂಬ ಹೆಸರು ಹೊಸ ನಾಡಿನಲ್ಲಿ ಮಿಲ್ಲರ್ ಆಯಿತು. ಆ ಒಳನಾಡಿನ ರಸ್ತೆಗಳು ನೇರ, ಸಮತಟ್ಟು, ಮೈಲಿಗಟ್ಟಲೆ ಖಾಲಿ. ಹರೆಯದ ಹುಡುಗರ ಕೈಗೆ ಕಾರು ಸಿಕ್ಕರೆ ವೇಗವೇ ಅವರ ಮನರಂಜನೆ. ಹರೆಯ ಮುಗಿಯುವ ಮೊದಲೇ ಮಿಲ್ಲರ್ ಕನಿಷ್ಠ ಮೂವರು ಗೆಳೆಯರನ್ನು ರಸ್ತೆ ಅಪಘಾತಗಳಲ್ಲಿ ಕಳೆದುಕೊಂಡಿದ್ದರು. ಮುಂದೆ ಅವಳಿ ಸಹೋದರ ಜಾನ್ ಜೊತೆಗೇ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ತುರ್ತು ಚಿಕಿತ್ಸೆಗೆ ಬರುತ್ತಿದ್ದವರಲ್ಲಿ ಕಾರು, ಬೈಕುಗಳಿಂದ ನಜ್ಜುಗುಜ್ಜಾದ ಎಳೆಯರು ಬಹಳ. ಹೊರಗಿನವರಿಗೆ ಅಪಘಾತವೆಂದರೆ ಒಂದು ಕ್ಷಣದ ಸದ್ದು. ಅಲ್ಲಿ ಕೆಲಸ ಮಾಡುವ ವೈದ್ಯನಿಗೆ ಆ ಸದ್ದು ಅಡಗಿದ ಮೇಲೆಯೇ ಕೆಲಸ ಶುರುವಾಗುವುದು. 1971ರಲ್ಲಿ ತಮ್ಮ ಕ್ರಿಸ್ ಜೊತೆ ಸೇರಿ ತೆಗೆದ ಒಂದು ನಿಮಿಷದ ಚಿತ್ರಕ್ಕೆ ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಬಹುಮಾನ ಬಂತು. ಅದರಿಂದಾಗಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಿನಿಮಾ ಕಮ್ಮಟಕ್ಕೆ ಹೋದಾಗ ಬೈರನ್ ಕೆನಡಿ ಎಂಬ ಗೆಳೆಯ ಸಿಕ್ಕ. ಇಬ್ಬರೂ ಸೇರಿ ಮಾಡಿದ ಮೊದಲ ಕಿರುಚಿತ್ರದ ಹೆಸರೇ ‘ವಯಲೆನ್ಸ್ ಇನ್ ದ ಸಿನಿಮಾ, ಪಾರ್ಟ್ 1’. ಅದರಲ್ಲಿ ಸಿನಿಮಾದ ಹಿಂಸೆಯ ಬಗ್ಗೆ ಗಂಭೀರವಾಗಿ ಉಪನ್ಯಾಸ ಕೊಡುತ್ತಿರುವ ಪಂಡಿತನ ಮೈಮೇಲೆಯೇ ಆ ಹಿಂಸೆ ಎರಗುತ್ತದೆ. ಪರದೆಯ ಮೇಲೆ ಪೆಟ್ಟು ತೋರಿಸುವುದೆಂದರೆ ಏನು ಎಂಬ ಪ್ರಶ್ನೆ ಮೊದಲ ಹೆಜ್ಜೆಯಲ್ಲೇ ಅವರನ್ನು ಕಾಡುತ್ತಿತ್ತು.

‘ಮ್ಯಾಡ್ ಮ್ಯಾಕ್ಸ್’ಗೆ ಹಣ ಹೊಂದಿಸಿದ ಬಗೆಯಲ್ಲೂ ವೈದ್ಯ ವೃತ್ತಿಯ ಗುರುತಿದೆ. ಕೆಲವು ತಿಂಗಳು ಮಿಲ್ಲರ್ ಕರೆ ಬಂದ ಮನೆಗಳಿಗೆ ಹೋಗಿ ತುರ್ತು ಚಿಕಿತ್ಸೆ ಕೊಟ್ಟರು, ಕೆನಡಿ ಕಾರು ಓಡಿಸಿದರು. ಉಳಿದದ್ದನ್ನು ಪರಿಚಿತರಿಂದ ಕೂಡಿಸಿಕೊಂಡು 4 ಲಕ್ಷ ಆಸ್ಟ್ರೇಲಿಯನ್ ಡಾಲರ್ ಮೀರದಂತೆ ಚಿತ್ರ ಮುಗಿಸಿದರು. ಪೊಲೀಸರ ಪಾತ್ರ ಮಾಡಿದ ಬಹಳ ಮಂದಿಗೆ ಚರ್ಮದ ಉಡುಪಿನ ಬದಲು ವಿನೈಲ್ ಹೊದಿಸಿದರು. ಮೊದಲ ಬೆನ್ನಟ್ಟುವಿಕೆಯಲ್ಲಿ ಪುಡಿಯಾಗುವ ವ್ಯಾನು ಸ್ವತಃ ನಿರ್ದೇಶಕರದೇ. ಜೊತೆಯಲ್ಲಿ ಕಥೆ ಬರೆದ ಪತ್ರಕರ್ತ ಜೇಮ್ಸ್ ಮೆಕಾಸ್‌ಲ್ಯಾಂಡ್, 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಜನ ಕೈಕೈ ಮಿಲಾಯಿಸಿದ್ದನ್ನು ಕಂಡವರು. ಎಣ್ಣೆಗಾಗಿ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬ ಭಯ ಅಲ್ಲಿಂದ ಬಂತು. ಆ ಕಾಲಕ್ಕೆ ಭಯಂಕರ ಹಿಂಸೆಯ ಚಿತ್ರವೆಂದು ಹೆಸರಾದ ಇದನ್ನು ಈಗ ನಿಧಾನವಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅತಿ ಘೋರವಾದದ್ದನ್ನು ಅದು ತೋರಿಸುವುದೇ ಇಲ್ಲ. ಮ್ಯಾಕ್ಸ್‌ನ ಹೆಂಡತಿ ಮಗುವನ್ನೆತ್ತಿಕೊಂಡು ಖಾಲಿ ರಸ್ತೆಯಲ್ಲಿ ಓಡುತ್ತಾಳೆ, ಹಿಂದೆ ಬೈಕುಗಳ ಹಿಂಡು. ಬೈಕುಗಳು ದಾಟಿಹೋದ ಮೇಲೆ ಪರದೆಯಲ್ಲಿ ಉಳಿಯುವುದು ಟಾರಿನ ಮೇಲೆ ಬಿದ್ದ ಒಂದು ಪುಟ್ಟ ಬೂಟು. ಸುಟ್ಟ ಗೆಳೆಯನನ್ನು ನೋಡಲು ಮ್ಯಾಕ್ಸ್ ಆಸ್ಪತ್ರೆಗೆ ಬಂದಾಗಲೂ ಹೀಗೆಯೇ. ಬಿಳಿ ಹೊದಿಕೆಯ ಅಂಚಿನಿಂದ ಕರಕಲಾದ ಒಂದು ಕೈ ಜಾರುತ್ತದೆ. ಹೊದಿಕೆ ಎತ್ತಿ ನೋಡಿದ ಮ್ಯಾಕ್ಸ್‌ನ ಮುಖ ನಮಗೆ ಕಾಣುತ್ತದೆ, ಹೊದಿಕೆಯ ಕೆಳಗಿನದು ಕಾಣುವುದಿಲ್ಲ. ಹಾಸಿಗೆಯ ಪಕ್ಕ ನಿಂತ ಬಂಧುಗಳ ಮುಖವನ್ನು ನೋಡಿ ಗೊತ್ತಿದ್ದವನು ಬರೆದ ದೃಶ್ಯವದು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಆಸ್ಟ್ರೇಲಿಯಾದ ಹೆಸರಾಂತ ಅಂಕಣಕಾರ ಫಿಲಿಪ್ ಆ್ಯಡಮ್ಸ್ ಚಿತ್ರವನ್ನು ಅತ್ಯಂತ ಕಟುವಾಗಿ ಖಂಡಿಸಿದರು. ಅವರ ದೃಷ್ಟಿಯಲ್ಲಿ ಅದು ಕ್ರೌರ್ಯವನ್ನು ಸವಿಯುವವರಿಗೆ ಬಡಿಸಿದ ಊಟ. ನ್ಯೂಜಿಲೆಂಡಿನಲ್ಲಿ, ಸ್ವೀಡನ್ನಿನಲ್ಲಿ ಚಿತ್ರವನ್ನೇ ನಿಷೇಧಿಸಿದರು. ತೋರಿಸದೆ ಬಿಟ್ಟ ಮಾತ್ರಕ್ಕೆ ಹಿಂಸೆ ಕಡಿಮೆಯಾಗುತ್ತದೆಯೇ, ಊಹೆಗೆ ಬಿಟ್ಟದ್ದು ಇನ್ನಷ್ಟು ಕಾಡುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊನೆಯ ದೃಶ್ಯದಲ್ಲಿ ಮ್ಯಾಕ್ಸ್ ಒಬ್ಬ ಖಳನ ಕಾಲಿಗೆ ಕೋಳ ಹಾಕಿ ಕಾರಿಗೆ ಬಿಗಿದು, ಕೈಗೊಂದು ಗರಗಸ ಕೊಟ್ಟು, ಸ್ಫೋಟಕ್ಕೆ ಮೊದಲು ಕಾಲು ಕೊಯ್ದುಕೊಂಡರೆ ಬದುಕಬಹುದೆಂದು ಲೆಕ್ಕ ಹೇಳಿ ಹೊರಡುತ್ತಾನೆ. ಅಲ್ಲಿ ನಿರ್ದೇಶಕರಿಗೆ ಸೇಡಿನ ರುಚಿ ಹತ್ತಿತ್ತು ಎಂದರೆ ಅಲ್ಲಗಳೆಯುವುದು ಕಷ್ಟ. ಆದರೂ ಆ್ಯಡಮ್ಸ್ ಅವರ ವಾದ ಚಿತ್ರದ ಒಂದು ಮುಖ್ಯ ಭಾಗವನ್ನು ಬಿಟ್ಟುಬಿಡುತ್ತದೆ. ಸವಿಯುವುದಕ್ಕೆಂದೇ ಮಾಡಿದ ಹಿಂಸೆಯಲ್ಲಿ ಪೆಟ್ಟು ತಿಂದವನಿಗೆ ಮುಖವಿರುವುದಿಲ್ಲ, ಕೊಟ್ಟವನಿಗೆ ನಷ್ಟವಿರುವುದಿಲ್ಲ. ಇಲ್ಲಿ ಸೇಡು ತೀರಿಸಿಕೊಂಡ ಮ್ಯಾಕ್ಸ್‌ನ ಮುಖದಲ್ಲಿ ಗೆದ್ದ ಕಳೆ ಎಳ್ಳಷ್ಟೂ ಇಲ್ಲ. ಕಾಲು ಕುಂಟಾಯಿತು, ಮನೆ ಹೋಯಿತು. ಕಣ್ಣೆದುರು ರಸ್ತೆ ಒಂದೇ ಉಳಿಯಿತು. ಚಿತ್ರ ಜಗತ್ತಿನಾದ್ಯಂತ 10 ಕೋಟಿ ಡಾಲರ್ ಮೀರಿ ಗಳಿಸಿ, ಹಾಕಿದ ಬಂಡವಾಳಕ್ಕೆ ಹೋಲಿಸಿದರೆ ಅತಿ ಲಾಭ ತಂದ ಸಿನಿಮಾ ಎಂದು ಗಿನ್ನೆಸ್ ದಾಖಲೆಗೆ ಸೇರಿ, 1999ರ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ ಬರುವ ತನಕ ಆ ಜಾಗದಲ್ಲೇ ಉಳಿಯಿತು.

ವೈದ್ಯನಾಗಿದ್ದವನೆಂಬ ಒಂದೇ ಕಾರಣಕ್ಕೆ ಯಾರೂ ಒಳ್ಳೆಯ ನಿರ್ದೇಶಕರಾಗುವುದಿಲ್ಲ, ನಿಜ. ಗಾಯದ ತೂಕ ಗೊತ್ತಿರುವುದು ಒಂದು, ಗಂಟೆಗೆ ನೂರು ಮೈಲಿ ವೇಗದ ಗೊಂದಲದ ನಡುವೆ ಅದನ್ನು ಕಣ್ಣಿಗೆ ಕಾಣಿಸುವುದು ಇನ್ನೊಂದು. ಎರಡನೆಯದನ್ನು ಮಿಲ್ಲರ್ ಮೂಕಿ ಚಿತ್ರಗಳಿಂದ ಕಲಿತರು. ಆ ಕಾಲದ ನಟ ಬಸ್ಟರ್ ಕೀಟನ್ ರೈಲಿನ ಮೇಲೆ ಓಡುವಾಗ ಅವನೆಲ್ಲಿದ್ದಾನೆ, ರೈಲು ಯಾವ ಕಡೆ ಹೋಗುತ್ತಿದೆ, ಅಪಾಯ ಎಲ್ಲಿಂದ ಬರುತ್ತಿದೆ ಎಂಬುದು ಒಂದು ಮಾತೂ ಇಲ್ಲದೆ ಮಗುವಿಗೂ ತಿಳಿಯುತ್ತದೆ. 1981ರ ‘ಮ್ಯಾಡ್ ಮ್ಯಾಕ್ಸ್ 2’ರಲ್ಲಿ ಈ ಪಾಠ ಫಲ ಕೊಟ್ಟಿತು. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಸುತ್ತಲಿನ ಬರಡು ನೆಲದಲ್ಲಿ ತೆಗೆದ ಆ ಚಿತ್ರದಲ್ಲಿ ಮ್ಯಾಕ್ಸ್ ಮಾತಾಡುವುದು ತೀರಾ ಕಡಿಮೆ; ಕೊನೆಯ ಟ್ಯಾಂಕರ್ ಓಟವನ್ನು ಶಬ್ದ ತೆಗೆದಿಟ್ಟು ನೋಡಿದರೂ ಒಂದೆಳೆ ತಪ್ಪುವುದಿಲ್ಲ. ಇದಾದ ಎರಡನೆಯ ವರ್ಷ, 1983ರ ಜುಲೈನಲ್ಲಿ, ಬೈರನ್ ಕೆನಡಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅಪಘಾತಗಳ ಸಿನಿಮಾ ಮಾಡಿ ಹೆಸರು ಗಳಿಸಿದ ಜೋಡಿಯಲ್ಲಿ ಒಬ್ಬರನ್ನು ಅಪಘಾತವೇ ಕೊಂಡೊಯ್ಯಿತು. 1985ರಲ್ಲಿ ಬಂದ ಮೂರನೆಯ ಚಿತ್ರವನ್ನು ಮಿಲ್ಲರ್ ಒಬ್ಬರೇ ನಿರ್ದೇಶಿಸಲಿಲ್ಲ, ಜಾರ್ಜ್ ಒಗಿಲ್ವಿ ಜೊತೆಗಿದ್ದರು. ಮ್ಯಾಕ್ಸ್‌ನ ನಾಲ್ಕು ಚಿತ್ರಗಳಲ್ಲಿ ತುಸು ಮೆತ್ತಗಿನದು ಅದೇ.

ಅಲ್ಲಿಂದಾಚೆಗೆ ಮೂವತ್ತು ವರ್ಷ ಮ್ಯಾಕ್ಸ್‌ನ ಹೊಸ ಚಿತ್ರ ತೆರೆಗೆ ಬರಲಿಲ್ಲ. ಆ ನಡುವೆ ಮಿಲ್ಲರ್ ಮಾತಾಡುವ ಹಂದಿಮರಿಯ ‘ಬೇಬ್’ ಚಿತ್ರಕ್ಕೆ ಬರೆದು ಅದನ್ನು ನಿರ್ಮಿಸಿದರು, ಅದರ ಎರಡನೆಯ ಭಾಗವನ್ನು ತಾವೇ ನಿರ್ದೇಶಿಸಿದರು; ಕುಣಿಯುವ ಪೆಂಗ್ವಿನ್ನಿನ ‘ಹ್ಯಾಪಿ ಫೀಟ್’ 2006ರಲ್ಲಿ ಬಂದು ಅವರಿಗೆ ಆಸ್ಕರ್ ತಂದಿತು. ಹಂದಿಮರಿ, ಪೆಂಗ್ವಿನ್ನುಗಳ ನಿರ್ದೇಶಕನನ್ನು ಆ್ಯಕ್ಷನ್ ನಿರ್ದೇಶಕ ಎನ್ನುವುದು ಹೇಗೆ ಎಂದು ಕೇಳಬಹುದು. ಉತ್ತರ 1992ರ ‘ಲೊರೆಂಜೋಸ್ ಆಯಿಲ್’ನಲ್ಲಿದೆ. ಅದು ಅಮೆರಿಕದ ಒಡೋನೆ ದಂಪತಿಯ ನಿಜಜೀವನದ ಕಥೆ. ಮಗನಿಗೆ ಎಎಲ್‌ಡಿ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ಕೊಬ್ಬಿನಾಮ್ಲದ ಉದ್ದನೆಯ ಸರಪಳಿಗಳು ಮೈಯಲ್ಲಿ ಕೂಡಿಕೊಂಡು ನರಗಳ ಹೊದಿಕೆ ನಾಶವಾಗುತ್ತದೆ. ವೈದ್ಯರಲ್ಲದ ತಂದೆತಾಯಿ ಗ್ರಂಥಾಲಯದಲ್ಲಿ ಕೂತು ಓದಿ ಒಂದು ಎಣ್ಣೆ ತಯಾರಿಸುವವರೆಗೆ ಹೋಗುತ್ತಾರೆ. ಗುಂಡಿಲ್ಲ, ಕಾರಿಲ್ಲ, ಆದರೆ ಚಿತ್ರ ಸಾಗುವ ಕ್ರಮ ‘ಮ್ಯಾಡ್ ಮ್ಯಾಕ್ಸ್ 2’ರದೇ. ಸಮಯ ಸೋರುತ್ತಿದೆ, ಎದುರಾಳಿ ಹತ್ತಿರವಾಗುತ್ತಿದ್ದಾನೆ, ಎದುರಾಳಿ ಇರುವುದು ಮಗುವಿನ ಮೈಯೊಳಗೆ. ಕೊಬ್ಬಿನಾಮ್ಲದ ಗುಟ್ಟನ್ನು ತಂದೆ ಬಿಡಿಸುವುದು ಪೇಪರ್ ಕ್ಲಿಪ್ಪುಗಳನ್ನು ಒಂದಕ್ಕೊಂದು ಸಿಕ್ಕಿಸಿ ಸರಪಳಿ ಮಾಡಿ. ವೈದ್ಯಕೀಯ ಕಾಲೇಜಿನ ಒಂದು ಪಾಠ ನೋಡುಗರಿಗೆ ಎರಡು ನಿಮಿಷದಲ್ಲಿ ಕಣ್ಣಿನಿಂದಲೇ ಅರ್ಥವಾಗುತ್ತದೆ. ಎಣ್ಣೆಯ ಗುಣವನ್ನು ಚಿತ್ರ ಹಿಗ್ಗಿಸಿ ಹೇಳಿತೆಂದು ಕೆಲವು ವೈದ್ಯರು ಆಕ್ಷೇಪಿಸಿದರು. ಲಕ್ಷಣ ಕಾಣಿಸಿಕೊಂಡ ಮೇಲೆ ಅದು ಕಾಯಿಲೆಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ ಎಂಬುದು ಮುಂದೆ ಸ್ಪಷ್ಟವಾಯಿತು ಕೂಡ. ಆ ಆಕ್ಷೇಪ ಸರಿ. ಆದರೆ ನೋವಿನಲ್ಲಿ ಸೆಟೆದುಕೊಂಡ ಆ ಹುಡುಗನ ಮೈಯಿಂದ ಚಿತ್ರ ಒಮ್ಮೆಯೂ ಕಣ್ಣು ತಿರುಗಿಸುವುದಿಲ್ಲ, ಹಾಗೆಂದು ಅದನ್ನು ಕಣ್ಣೀರಿನ ಸರಕೂ ಮಾಡುವುದಿಲ್ಲ.

‘ಫ್ಯೂರಿ ರೋಡ್’ ಆಗುವುದಕ್ಕೆ ಮೊದಲು ಹಲವು ಸಲ ನಿಂತಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಡಾಲರ್ ವಿನಿಮಯ ಏರುಪೇರಾಗಿ ಲೆಕ್ಕಾಚಾರ ತಲೆಕೆಳಗಾಯಿತು. ಇರಾಕ್ ಯುದ್ಧ ಇನ್ನೊಂದು ಅಡ್ಡಿ. ಕೊನೆಗೆ ಎಲ್ಲ ಸಿದ್ಧವಾದಾಗ ಬ್ರೋಕನ್ ಹಿಲ್‌ನಲ್ಲಿ ವರ್ಷಗಟ್ಟಲೆ ಬಾರದಿದ್ದ ಮಳೆ ಸುರಿದು, ಕೆಂಪು ಮರಳು ಕಾಣಬೇಕಿದ್ದ ಕಡೆ ಹೂ ಅರಳಿ ನಿಂತವು. ಇಡೀ ತಂಡ, ವಾಹನಗಳ ಸಮೇತ, ಆಫ್ರಿಕಾದ ನಮೀಬಿಯಾಕ್ಕೆ ಹೊರಟು 2012ರಲ್ಲಿ ಚಿತ್ರೀಕರಣ ನಡೆಸಿತು. ಚಿತ್ರಕಥೆಯ ಜಾಗದಲ್ಲಿದ್ದದ್ದು ಗೋಡೆ ತುಂಬ ಅಂಟಿಸಿದ ಸುಮಾರು 3500 ರೇಖಾಚಿತ್ರಗಳು. ಛಾಯಾಗ್ರಾಹಕ ಜಾನ್ ಸೀಲ್ ನಿವೃತ್ತಿಯಿಂದ ಮರಳಿ ಬಂದವರು. ಕ್ಯಾಮೆರಾಗಳಿಗೆಲ್ಲ ಸೂಚನೆ ಒಂದೇ: ಮುಖ್ಯವಾದದ್ದು, ಅದು ಮೂಗಾಗಲಿ ಬಂದೂಕಾಗಲಿ, ಚೌಕಟ್ಟಿನ ನಟ್ಟನಡುವೆ ಇರಬೇಕು. ಕೇಳಲು ಇದು ಮದುವೆ ಫೋಟೋ ತೆಗೆಯುವವರ ಪದ್ಧತಿಯಂತೆ ಇದೆ. ಅದರ ಅಗತ್ಯ ಲೆಕ್ಕ ಹಾಕಿದರೆ ತಿಳಿಯುತ್ತದೆ. ಎರಡು ಗಂಟೆಯ ಆ ಚಿತ್ರದಲ್ಲಿ ಸುಮಾರು 2700 ಕಟ್‌ಗಳಿವೆ. ಸರಾಸರಿ ಒಂದು ಶಾಟ್ ಮೂರು ಸೆಕೆಂಡೂ ನಿಲ್ಲುವುದಿಲ್ಲ. ಪ್ರತಿ ಸಲ ದೃಶ್ಯ ಬದಲಾದಾಗಲೂ ನಮ್ಮ ಕಣ್ಣು ಮುಖ್ಯವಾದದ್ದು ಎಲ್ಲಿದೆ ಎಂದು ಹುಡುಕಲು ಒಂದಿಷ್ಟು ಸಮಯ ತಿನ್ನುತ್ತದೆ. ಒಂದು ಶಾಟ್‌ನಲ್ಲಿ ಎಡಗಡೆ, ಮುಂದಿನದರಲ್ಲಿ ಬಲಗಡೆ ಹುಡುಕಬೇಕಾದರೆ, ಸಿಕ್ಕಿತು ಎನ್ನುವಷ್ಟರಲ್ಲಿ ಶಾಟ್ ಮುಗಿದಿರುತ್ತದೆ. ಈಗಿನ ಬಹಳಷ್ಟು ಫೈಟುಗಳಲ್ಲಿ ಯಾರು ಯಾರಿಗೆ ಹೊಡೆದರೆಂದೇ ತಿಳಿಯದೆ ಸದ್ದು ಮಾತ್ರ ಕಿವಿಗೆ ಬೀಳುವುದು ಇದರಿಂದಲೇ. ಎಲ್ಲವೂ ನಡುವಿನಲ್ಲಿದ್ದರೆ ಕಣ್ಣು ಅಲುಗಾಡಬೇಕಿಲ್ಲ. ವೇಗವೂ ಉಳಿಯುತ್ತದೆ, ಪೆಟ್ಟು ಬಿದ್ದದ್ದು ಯಾರ ಮೈಗೆ ಎಂಬುದೂ ತಪ್ಪುವುದಿಲ್ಲ.

ಸಂಕಲನ ಮಾಡಿದವರು ಮಿಲ್ಲರ್ ಅವರ ಪತ್ನಿ ಮಾರ್ಗರೆಟ್ ಸಿಕ್ಸೆಲ್. ಅದಕ್ಕೆ ಮೊದಲು ಅವರು ಒಂದೇ ಒಂದು ಆ್ಯಕ್ಷನ್ ಚಿತ್ರವನ್ನೂ ಕತ್ತರಿಸಿದವರಲ್ಲ. ಆ ಬಗೆಯ ಚಿತ್ರಗಳಲ್ಲಿ ಪಳಗಿದವರು ಕತ್ತರಿಸಿದರೆ ಇದೂ ಬೇರೆಲ್ಲವುಗಳಂತೆ ಕಂಡೀತು ಎಂಬ ಕಾರಣಕ್ಕೇ ಮಿಲ್ಲರ್ ಅವರನ್ನು ಒಪ್ಪಿಸಿದ್ದು. ಅವರ ಮುಂದೆ ಬಿದ್ದ ಚಿತ್ರಿಕೆಗಳ ಒಟ್ಟು ಉದ್ದ ಸುಮಾರು 480 ಗಂಟೆ. ಊಟ ನಿದ್ದೆ ಬಿಟ್ಟು ನೋಡಿದರೂ ಇಪ್ಪತ್ತು ಹಗಲು ಇಪ್ಪತ್ತು ರಾತ್ರಿ ಬೇಕು. ಅದರಿಂದ ಎರಡು ಗಂಟೆ ಹೆಕ್ಕಿದರು. ಒಂದು ಚಲನೆ ಕಣ್ಣಿಗೆ ಸಿಗದಷ್ಟು ಚುರುಕಾಗಿದ್ದರೆ ಅರ್ಥವಾಗುವಷ್ಟು ನಿಧಾನ ಮಾಡಿದರು, ಸುಲಭವಾಗಿ ತಿಳಿಯುವಂತಿದ್ದರೆ ಬಿಗಿ ಮಾಡಿದರು. ಈ ಕೆಲಸಕ್ಕೆ ಸಿಕ್ಸೆಲ್ ಆಸ್ಕರ್ ಪಡೆದರು. 2016ರ ಸಮಾರಂಭದಲ್ಲಿ ಚಿತ್ರಕ್ಕೆ ಬಂದ ಆರು ಆಸ್ಕರ್‌ಗಳಲ್ಲಿ ಅದೂ ಒಂದು. ನಿರ್ದೇಶನದ ಪ್ರಶಸ್ತಿ ಮಿಲ್ಲರ್ ಅವರಿಗೆ ಬರಲಿಲ್ಲ, ಬರಬೇಕಿತ್ತು.

ಆ ಚಿತ್ರದಲ್ಲಿ ಕಥೆಯೇ ಇಲ್ಲ, ಹೋಗುವುದು ಮತ್ತು ಬರುವುದು ಅಷ್ಟೇ ಎಂಬ ದೂರು ಮೊದಲ ದಿನದಿಂದ ಇದೆ. ಹೊರಗಿನ ನಕ್ಷೆಯ ಮಟ್ಟಿಗೆ ಅದು ನಿಜ. ಒಬ್ಬ ನಿರಂಕುಶ ದೊರೆಯ ಐವರು ಹೆಂಡಂದಿರನ್ನು ಫ್ಯೂರಿಯೋಸಾ ಎಂಬ ಸೇನಾನಿ ಲಾರಿಯಲ್ಲಿ ಬಚ್ಚಿಟ್ಟು ಪಾರಾಗುತ್ತಾಳೆ, ದೊರೆ ಬೆನ್ನಟ್ಟುತ್ತಾನೆ, ಅವರು ಮರಳಿ ಬರುತ್ತಾರೆ. ಕಥೆಯನ್ನು ಮಾತಿನಲ್ಲಿ ಹುಡುಕಿದವರಿಗೆ ಇಷ್ಟೇ ಸಿಗುವುದು. ಮಿಲ್ಲರ್ ಅದನ್ನು ಬರೆದಿಟ್ಟಿರುವುದು ಮೈಗಳ ಮೇಲೆ. ಫ್ಯೂರಿಯೋಸಾಳಿಗೆ ಎಡಗೈ ಇಲ್ಲ, ಮೊಂಡಿಗೆ ಕಬ್ಬಿಣದ ಕೈ ಸಿಕ್ಕಿಸಿಕೊಂಡಿದ್ದಾಳೆ. ನಕ್ಸ್ ಎಂಬ ಎಳೆಯ ಯೋಧನ ಕತ್ತಿನಲ್ಲಿ ಗೆಡ್ಡೆಗಳು, ಅವಕ್ಕೆ ಪ್ರೀತಿಯಿಂದ ಹೆಸರಿಟ್ಟಿದ್ದಾನೆ. ಹೇಗೂ ಸಾಯುವ ಹುಡುಗನಿಗೆ ವೀರಮರಣದ ಆಸೆ ಹುಟ್ಟಿಸುವುದು ಎಷ್ಟು ಸುಲಭವೆಂದು ಆ ಗೆಡ್ಡೆ ಹೇಳುತ್ತದೆ. ಸೆರೆಸಿಕ್ಕ ಮ್ಯಾಕ್ಸ್‌ನ ಬೆನ್ನ ಮೇಲೆ ರಕ್ತದ ಗುಂಪನ್ನು ಹಚ್ಚೆ ಚುಚ್ಚಿದ್ದಾರೆ. ಓ ನೆಗೆಟಿವ್, ಎಲ್ಲರಿಗೂ ಕೊಡಬಹುದಾದ ರಕ್ತ. ಅವನನ್ನು ನಕ್ಸ್‌ನ ಕಾರಿನ ಮುಂಭಾಗಕ್ಕೆ ಕಟ್ಟಿ, ಕೊಳವೆಯಿಂದ ರಕ್ತ ಹರಿಸಿಕೊಳ್ಳುತ್ತ ಯುದ್ಧಕ್ಕೆ ಹೊರಡುತ್ತಾರೆ. ಈ ದೊರೆಯ ಆಳ್ವಿಕೆ ಹೇಗಿತ್ತು, ಅಲ್ಲಿ ಮನುಷ್ಯನಿಗೆ ಎಷ್ಟು ಬೆಲೆ ಎಂದು ವಿವರಿಸಲು ಇನ್ನೊಬ್ಬರಿಗೆ ಅರ್ಧ ಗಂಟೆಯ ಸಂಭಾಷಣೆ ಬೇಕಾಗುತ್ತಿತ್ತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಪರದೆಯ ಮೇಲಿನ ಮೈಗಳ ಬಗ್ಗೆ ಇಷ್ಟು ಕಾಳಜಿ ಇದ್ದವರು, ಪರದೆಗಾಗಿ ನಿಜವಾದ ಮೈಗಳನ್ನು ಅಪಾಯಕ್ಕೆ ಒಡ್ಡಬಹುದೇ? ಮೊದಲ ‘ಮ್ಯಾಡ್ ಮ್ಯಾಕ್ಸ್’ನ ಆರಂಭದಲ್ಲೇ ಸ್ಟಂಟ್ ನಿರ್ದೇಶಕ ಗ್ರಾಂಟ್ ಪೇಜ್ ಮತ್ತು ಮೊದಲು ಆಯ್ಕೆಯಾಗಿದ್ದ ನಾಯಕಿ ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡರು, ನಾಯಕಿಯನ್ನು ಬದಲಿಸಬೇಕಾಯಿತು. ಎರಡನೆಯ ಚಿತ್ರದಲ್ಲಿ ಗೈ ನಾರಿಸ್ ಎಂಬ ಎಳೆಯ ಸ್ಟಂಟ್ ಕಲಾವಿದ ಗಾಳಿಯಲ್ಲಿ ಗಿರಕಿ ಹೊಡೆದು ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಆ ಶಾಟ್ ಚಿತ್ರದಲ್ಲಿ ಉಳಿದಿದೆ. ಇದು ಎಲ್ಲಿಗೆ ಮುಟ್ಟಬಲ್ಲದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮತ್ತೆ ಜೀವಂತ ಮೇಲೆ ಬರಲಿಲ್ಲ. ಯಾವ ದೃಶ್ಯವೂ ಒಂದು ಜೀವದ ಬೆಲೆ ಬಾಳುವುದಿಲ್ಲ. ಮಿಲ್ಲರ್ ಅವರ ಮೊದಲ ಚಿತ್ರಗಳ ಹುಂಬತನವನ್ನು ಕಡಿಮೆ ಬಜೆಟ್ಟಿನ ಹೆಸರಿನಲ್ಲಿ ಮಾಫಿ ಮಾಡುವುದೂ ಸರಿಯಲ್ಲ. ಅವರು ಅದರಿಂದ ಕಲಿತರೇ ಎಂಬುದಷ್ಟೇ ಕೇಳಬೇಕಾದದ್ದು. ಕಾಲು ಮುರಿದುಕೊಂಡಿದ್ದ ಗೈ ನಾರಿಸ್ ಅವರೇ ‘ಫ್ಯೂರಿ ರೋಡ್’ನ ಸ್ಟಂಟ್‌ಗಳ ಹೊಣೆ ಹೊತ್ತವರು. ಅದಕ್ಕಾಗಿ ಕಟ್ಟಿದ ಸುಮಾರು 150 ವಾಹನಗಳಲ್ಲಿ ಕೆಲವಕ್ಕೆ ಎತ್ತರದ ಬಳುಕುವ ಕಂಬಗಳಿದ್ದವು, ಓಡುವ ಲಾರಿಯ ಮೇಲೆ ಅವು ಗಡಿಯಾರದ ಲೋಲಕದಂತೆ ತೂಗಿ, ತುದಿಯಲ್ಲಿದ್ದವರು ಬಗ್ಗಿ ಶತ್ರುವನ್ನು ಎತ್ತಿಕೊಂಡು ಹೋಗಬೇಕಿತ್ತು. ಮಿಲ್ಲರ್ ಇದು ಅಪಾಯವೆಂದು, ವಾಹನ ನಿಲ್ಲಿಸಿ ತೆಗೆದು ಆಮೇಲೆ ಗ್ರಾಫಿಕ್ಸ್‌ನಲ್ಲಿ ಜೋಡಿಸೋಣವೆಂದೇ ಅಂದುಕೊಂಡಿದ್ದರು. ನಾರಿಸ್ ತಂಡ ಕಂಬದ ಬುಡಕ್ಕೆ ಭಾರ ಕೂಡಿಸಿ, ಸರ್ಕಸ್ ಬಲ್ಲವರಿಂದ ತರಬೇತಿ ಪಡೆದು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಓಡುವ ವಾಹನದ ಮೇಲೂ ಇದು ಸುರಕ್ಷಿತವೆಂದು ತೋರಿಸಿದ ಮೇಲೆ ಒಪ್ಪಿದರು. ಎಲ್ಲವೂ ಅಸಲಿ ಎಂಬ ಪ್ರಚಾರವನ್ನು ಪೂರ್ತಿ ನಂಬಬೇಕಾಗಿಲ್ಲ. ಆ ಚಿತ್ರದಲ್ಲಿ ಕಂಪ್ಯೂಟರ್ ಕೆಲಸ ಧಾರಾಳವಾಗಿದೆ, ಮರಳಿನ ಬಿರುಗಾಳಿಯೂ ಫ್ಯೂರಿಯೋಸಾಳ ಇಲ್ಲದ ತೋಳೂ ಅಲ್ಲಿಂದಲೇ ಬಂದವು. ತಂತಿ, ಸುರಕ್ಷೆಯ ಕಟ್ಟುಗಳನ್ನು ದೃಶ್ಯದಿಂದ ಅಳಿಸಿದ್ದೂ ಅದೇ. ಕಂಪ್ಯೂಟರಿನ ಅತ್ಯಂತ ಗೌರವದ ಬಳಕೆ ಇದೇ ಎನ್ನಬೇಕು, ಏಕೆಂದರೆ ಅಳಿಸುವ ಸಾಧ್ಯತೆ ಇರುವುದರಿಂದಲೇ ಕಲಾವಿದರನ್ನು ಧೈರ್ಯವಾಗಿ ಕಟ್ಟಿ ಹಾಕಬಹುದು.

2024ರಲ್ಲಿ, 79ರ ವಯಸ್ಸಿನಲ್ಲಿ, ಮಿಲ್ಲರ್ ‘ಫ್ಯೂರಿಯೋಸಾ’ ತಂದರು. ಖರ್ಚಿಗೆ ತಕ್ಕ ಗಳಿಕೆ ಆಗಲಿಲ್ಲ. ಗ್ರಾಫಿಕ್ಸ್ ಹೆಚ್ಚಾಯಿತು, ಉದ್ದವಾಯಿತು ಎಂಬ ಮಾತುಗಳಲ್ಲಿ ಹುರುಳಿದೆ. ಆದರೆ ಆ ಚಿತ್ರ ಇರುವುದೇ ಒಂದು ಗಾಯದ ಹಿಂದಿನ ಕಥೆ ಹೇಳಲು. ತನ್ನೂರಿಗೆ ಮರಳುವ ದಾರಿಯನ್ನು ನಕ್ಷತ್ರಗಳ ನಕ್ಷೆಯಾಗಿ ಹುಡುಗಿ ತೋಳಿನ ಮೇಲೆ ಹಚ್ಚೆ ಹಾಕಿಕೊಂಡಿರುತ್ತಾಳೆ. ಸೆರೆಯಿಂದ ತಪ್ಪಿಸಿಕೊಳ್ಳಲು ಅದೇ ತೋಳನ್ನು ಬಿಟ್ಟುಹೋಗುತ್ತಾಳೆ. ಒಂಬತ್ತು ವರ್ಷ ಹಿಂದಿನ ಚಿತ್ರದಲ್ಲಿ ಬರೀ ಕಬ್ಬಿಣದ ಕೈಯಾಗಿ ಕಂಡದ್ದು ಅಷ್ಟು ದೊಡ್ಡ ನಷ್ಟವಾಗಿತ್ತೆಂದು ಆಗ ತಿಳಿಯುತ್ತದೆ.

‘ಫ್ಯೂರಿ ರೋಡ್’ ಕೊನೆಗೆ ಬರುವ ಹೊತ್ತಿಗೆ ದೊರೆ ಸತ್ತಿದ್ದಾನೆ, ಕಾರುಗಳು ಸುಟ್ಟು ಬಿದ್ದಿವೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಜಯದ ಸಂಗೀತ ಹಾಕುತ್ತಿದ್ದರು. ಓಡುತ್ತಿರುವ ಕಾರಿನೊಳಗೆ ಫ್ಯೂರಿಯೋಸಾ ಪಕ್ಕೆಗೆ ಇರಿತ ತಿಂದು ಮಲಗಿದ್ದಾಳೆ, ಉಸಿರು ಏದುತ್ತಿದೆ. ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡು ಶ್ವಾಸಕೋಶವನ್ನು ಹಿಸುಕುತ್ತಿದೆ, ಒಂದೊಂದು ಉಸಿರೂ ಅದನ್ನು ಇನ್ನಷ್ಟು ಕುಗ್ಗಿಸುತ್ತಿದೆ. ತುರ್ತು ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ವೈದ್ಯನೂ ಥಟ್ಟನೆ ಗುರುತಿಸುವ ಸ್ಥಿತಿಯದು. ಮ್ಯಾಕ್ಸ್ ಚಾಕು ತೆಗೆದು ಅವಳ ಪಕ್ಕೆಗೆ ಚುಚ್ಚಿ ಗಾಳಿಗೆ ದಾರಿ ಬಿಡುತ್ತಾನೆ. ಅಷ್ಟು ಸಾಲುವುದಿಲ್ಲ, ರಕ್ತ ಬಹಳ ಹೋಗಿದೆ. ಮೊದಲ ಅರ್ಧದಲ್ಲಿ ಅವನನ್ನು ಬಂಧಿಸಿ ರಕ್ತ ಕಿತ್ತುಕೊಂಡಿದ್ದ ಕೊಳವೆ ಇನ್ನೂ ಅವನ ಬಳಿ ಇದೆ. ಅದರ ಒಂದು ತುದಿಯನ್ನು ತನ್ನ ರಕ್ತನಾಳಕ್ಕೆ ಸಿಕ್ಕಿಸಿಕೊಂಡು ಇನ್ನೊಂದನ್ನು ಅವಳ ತೋಳಿಗೆ ಚುಚ್ಚುತ್ತಾನೆ. ಇಡೀ ಚಿತ್ರದಲ್ಲಿ ಕೇಳಿದವರಿಗೂ ಹೇಳದೆ ಇಟ್ಟುಕೊಂಡಿದ್ದ ತನ್ನ ಹೆಸರನ್ನು, ರಕ್ತ ಹರಿಯತೊಡಗಿದ ಮೇಲೆ, ಅವಳ ತಲೆಯನ್ನು ಕೈಯಲ್ಲಿ ಆನಿಸಿ ಹಿಡಿದು ಮೆಲ್ಲಗೆ ಹೇಳುತ್ತಾನೆ.